ಮಿದುಳಿಗೆ ಬಂದ ಕುತ್ತು

ಹೊಸ ಮ್ಯಾನೇಜರು ಹೇಳಿದ್ದು ಒಂದೇ ವಾಕ್ಯ. ಅದರ ಒಂದೊಂದು ಪದದ ಅರ್ಥವೂ ಗ್ರಾಮರನಿಗೆ ಗೊತ್ತಿತ್ತು, ತೊಂದರೆಯಾದದ್ದೇ ಅದರಿಂದ.

ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಿಸುವುದು ಅವನ ಕೆಲಸ. ಸಂಜೆ ಇಂಗ್ಲಿಷ್ ಕ್ಲಾಸಿಗೆ ಸೇರಿದಂದಿನಿಂದ ಜೊತೆಯವರು ಅವನ ಹೆಸರನ್ನೇ ಮರೆತು ಗ್ರಾಮರ್ ಎನ್ನುತ್ತಿದ್ದರು. ಆ ಬೆಳಿಗ್ಗೆ ಮ್ಯಾನೇಜರು ಬಾಗಿಲಲ್ಲಿ ನಿಂತು, ಊಟವಾದ ಮೇಲೆ ತಮ್ಮ ಕೋಣೆಗೆ ಬರಲು ಹೇಳಿದರು. "ಐ ವಾಂಟ್ ಟು ಪಿಕ್ ಯುವರ್ ಬ್ರೇನ್," ಎಂದು ನಕ್ಕು ಹೊರಟುಹೋದರು.

ಪಿಕ್ ಎಂದರೆ ಕೀಳುವುದು. ಹೂ ಕೀಳುವ ಹುಡುಗಿಯ ಪಾಠ ಮೊನ್ನೆ ತಾನೇ ಆಗಿತ್ತು. ಬ್ರೇನ್ ಎಂದರೆ ಮಿದುಳು. ಎರಡನ್ನೂ ಕೂಡಿಸಿ ನೋಡಿದ ಗ್ರಾಮರ್ ತನ್ನ ತಲೆಯನ್ನೊಮ್ಮೆ ಮುಟ್ಟಿಕೊಂಡ. ಮೇಲೆ ಆ ನಗು ಬೇರೆ.

ಶೀಟಿನ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಲಾಂಡ್ರಿಯಲ್ಲೇ ಎಲ್ಲರಿಗಿಂತ ಹಳಬಳು, ಎಲ್ಲರಿಗೂ ಅಕ್ಕ. "ಏನೋ ಎಡವಟ್ಟು ಮಾಡ್ಕೊಂಡಿದೀಯ ನೀನು," ಎಂದು ಅವಳು ಸಮಾಧಾನ ಹೇಳಿದಳು. ಗೇಟಿನ ಕಾವಲುಗಾರನಿಗೆ ಹಿಂದಿನ ಮ್ಯಾನೇಜರು ಇಂಗ್ಲಿಷಿನಲ್ಲಿ 'ಪೀಸ್ ಆಫ್ ಮೈ ಮೈಂಡ್', ಅಂದರೆ ಮನಸ್ಸಿನ ಒಂದು ತುಂಡು, ಕೊಡುತ್ತೇನೆ ಎಂದಿದ್ದರಂತೆ. ಪ್ರೀತಿಯಿಂದ ಅಂದರೆಂದುಕೊಂಡು ಅವನು ಕೈಮುಗಿದನಂತೆ. ಆಮೇಲೆ ಸಿಕ್ಕ ಬೈಗುಳಕ್ಕೆ ಅವನ ಕಿವಿ ಇಂದಿಗೂ ಗುಂಯ್‌ಗುಡುತ್ತಿತ್ತು. "ಅವನದ್ದು ಬರೀ ಮನಸ್ಸು," ಎಂದ ಪಕ್ಕದಲ್ಲಿ ಬಿಸಿನೀರು ಕಾಯಿಸುತ್ತಿದ್ದ ಬಾಯ್ಲರಿನವನು, "ನಿಂದು ಮಿದುಳಿಗೇ ಬಂದಿದೆ."

ಗ್ರಾಮರ್ ಹೆಂಡತಿಗೆ ಫೋನು ಮಾಡಿದ. ಅವಳು ಅಳುತ್ತ ಫೋನನ್ನು ತಮ್ಮನ ಕೈಗೆ ಕೊಟ್ಟಳು. ಎಲ್ಲ ಬಲ್ಲ ಆ ಭಾಮೈದ, "ಮೊದ್ಲು ಕಾಲಿಗೆ ಬೀಳಿ ಭಾವ. ತಪ್ಪೇನು ಅಂತ ಆಮೇಲೆ ಕೇಳಿದ್ರಾಯ್ತು," ಎಂದ.

ಕೆಲಸ ಹೋದರೆ ಮಗಳನ್ನು ಶಾಲೆ ಬಿಡಿಸಬೇಕಾದೀತೆ, ಬಾಡಿಗೆ ಮನೆಯ ಯಜಮಾನನಿಗೆ ಮುಖ ತೋರಿಸುವುದು ಹೇಗೆ ಎಂದು ಯೋಚಿಸುತ್ತಲೇ ಗ್ರಾಮರ್ ದಿಂಬಿನ ಕವರುಗಳನ್ನು ಮಡಿಸಿದ. ಅದೇ ಗುಂಗಿನಲ್ಲಿ ತನ್ನ ಊಟದ ಡಬ್ಬಿಯನ್ನೂ ಒಂದು ಕವರಿಗೆ ತುರುಕಿ, ಮೇಲಿನ ಮಹಡಿಗೆ ಕಳಿಸಿಬಿಟ್ಟ.

ಬರಿಹೊಟ್ಟೆಯಲ್ಲಿ ಮ್ಯಾನೇಜರ ಕೋಣೆ ಹೊಕ್ಕವನೇ ಕಾಲಿಗೆ ಬಾಗಿದ. ಏನೋ ಬಿದ್ದುಹೋಯಿತು ಎಂದುಕೊಂಡು ಅವರೂ ಬಾಗಿದರು. ಎರಡು ತೆಂಗಿನಕಾಯಿ ಗುದ್ದಿದ ಹಾಗೆ ತಲೆಗೆ ತಲೆ ಬಡಿಯಿತು.

ಮ್ಯಾನೇಜರು ಬೈಯಲಿಲ್ಲ. ಹಣೆ ಉಜ್ಜಿಕೊಳ್ಳುತ್ತ ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಬ್ರೇನ್ ಪಿಕ್ ಮಾಡುವುದೆಂದರೆ ಬಲ್ಲವರ ಸಲಹೆ ಕೇಳುವುದು ಎಂದು ನಿಧಾನವಾಗಿ, ಸಣ್ಣ ಸಣ್ಣ ಪದಗಳಲ್ಲಿ ಬಿಡಿಸಿ ಹೇಳಿದರು. ಮಡಿಸುವ ಕೆಲಸ ಇನ್ನೂ ಸಲೀಸಾಗಲು ಏನು ಮಾಡಬಹುದು? ಅಷ್ಟೇ ಅವರಿಗೆ ಬೇಕಾಗಿದ್ದು.

ಗಲ್ಲಿನಿಂದ ಇಳಿದು ಬಂದವನ ಹುರುಪು ಬಂತು ಗ್ರಾಮರನಿಗೆ. ಮ್ಯಾನೇಜರನ್ನು ಲಾಂಡ್ರಿಗೇ ಕರೆತಂದ. ಅಕ್ಕ ರಜೆ ಹಾಕಿದಾಗಲೆಲ್ಲ ಮಾಡುತ್ತಿದ್ದಂತೆ ಗೋಡೆಯ ಕಂಬಿಗೆ ಎರಡು ಕ್ಲಿಪ್ಪು ಸಿಕ್ಕಿಸಿ, ಶೀಟಿನ ಮೂಲೆಗಳನ್ನು ಅದಕ್ಕೆ ಕಚ್ಚಿಸಿ, ಒಬ್ಬನೇ ಸರಸರನೆ ಮಡಿಸಿ ತೋರಿಸಿದ. "ಒನ್ ಮ್ಯಾನ್, ಟೂ ಕ್ಲಿಪ್, ಫಿನಿಶ್ ಸರ್!"

ಮ್ಯಾನೇಜರು ಅಕ್ಕನಿಂದಲೂ ಹಾಗೇ ಮಾಡಿಸಿ ನೋಡಿದರು. ಅವಳಿಗೂ ಬಂತು. ಆಮೇಲೆ ಅವರು ಗ್ರಾಮರನನ್ನು ಹೊರಗೆ ಕರೆದು ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಮಾತಾಡಿದರು. ಅವನು ಎರಡು ಸಲ ಥ್ಯಾಂಕ್ಯೂ ಹೇಳಿದ.

ಹೊರಡುವಾಗ ಹೋಟೆಲಿನ ಫೋನ್ ಬೋರ್ಡಿನ ಮುಂದೆ ಕೂರುವ ಹುಡುಗಿ, ಏನಾಯಿತು ಅಣ್ಣ ಎಂದು ವಿಚಾರಿಸಿದಳು.

"ನನ್ನ ಐಡಿಯಾ ಭಾರಿ ಹಿಡಿಸ್ತಮ್ಮ ಅವ್ರಿಗೆ. ಬೇಗ ಮನೆಗೆ ಹೋಗು ಅಂದ್ರು."

"ಏನಂದ್ರು, ಹಾಗೇ ಹೇಳಿ?"

"ವಿ ಹ್ಯಾವ್ ಟು ಲೆಟ್ ಯು ಗೋ."

ಹುಡುಗಿ ಕಿವಿಯಿಂದ ಫೋನು ತೆಗೆದು ಕೆಳಗಿಟ್ಟಳು. "ಅಣ್ಣ, ಅದು ಮನೆಗೆ ಕಳಿಸೋ ಮಾತಲ್ಲ," ಎಂದಳು. "ಕೆಲಸದಿಂದ ಕಳಿಸೋ ಮಾತು."

ಗ್ರಾಮರ್ ಲಾಂಡ್ರಿಯತ್ತ ತಿರುಗಿ ನೋಡಿದ. ತೆರೆದ ಬಾಗಿಲಾಚೆ ಅಕ್ಕ ಒಬ್ಬಳೇ ಶೀಟು ಮಡಿಸುತ್ತಿದ್ದಳು. ಒಂದು ಸುಕ್ಕೂ ಇರಲಿಲ್ಲ.