ಎಡಗಡೆ ಮಾತ್ರ ಕಟಿಂಗ್

ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುವ ಲಕ್ಷಣ ಕಾಣದ್ದರಿಂದ ನಾನೇ ಹೇಳುತ್ತೇನೆ: ರಿಪೇರಿ ಕೆಲಸದಲ್ಲಿ ನನ್ನನ್ನು ಮೀರಿಸುವವರು ಇಡೀ ಗುಬ್ಬಿ ತಾಲ್ಲೂಕಿನಲ್ಲಿ ಇರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗುಬ್ಬಿಯ ಅಂಚಿನ ಒಂದು ಕ್ರೈಸ್ತ ಮಕ್ಕಳ ಮನೆಗೆ ವಾರ್ಡನ್ ಆಗಿದ್ದೆ. ನಲ್ಲಿ ಸೋರಿದರೆ ನಾನು, ಮಂಚದ ಕಾಲು ಮುರಿದರೆ ನಾನು, ನೀರಿನ ಮೋಟಾರು ಕೆಟ್ಟರೂ ನಾನೇ. ನಾನು ಕೈಯಿಟ್ಟ ವಸ್ತು ಇನ್ನೊಮ್ಮೆ ಕೆಟ್ಟ ಉದಾಹರಣೆಯೇ ಇಲ್ಲ. ಯಾಕೆಂದರೆ ಅದನ್ನು ಎಸೆದು ಹೊಸದು ತರುತ್ತಿದ್ದರು!

ಆ ಮನೆಯಲ್ಲಿ ನಾನು ಜಾರಿಗೆ ತಂದಿದ್ದ ಕಾನೂನು ಒಂದೇ: ಎಲ್ಲರಿಗೂ ಒಂದೇ. ಮುದ್ದೆಯ ಗಾತ್ರ ಒಂದೇ. ಬಟ್ಟೆ ಸೋಪಿನ ಉದ್ದನೆಯ ಬಾರನ್ನು ದಾರ ಹಾಕಿ ಕತ್ತರಿಸಿದರೆ ತುಂಡುಗಳೆಲ್ಲ ಒಂದೇ ಸಮ. ಒಬ್ಬನ ಕೈಗೆ ಬೆಲ್ಲ ಬಿದ್ದರೆ ಎಲ್ಲರ ಕೈಗೂ ಬೀಳಬೇಕು. ಇಲ್ಲದಿದ್ದರೆ ಮಕ್ಕಳ ಮನೆಯಲ್ಲಿ ದಂಗೆ ಏಳುತ್ತದೆ. "ಈ ಕಾನೂನು ವಾರ್ಡನ್‌ಗೂ ಅನ್ವಯಿಸುತ್ತದೆ" ಎಂದು ಬೆಳಗಿನ ಪ್ರಾರ್ಥನೆಯಾದ ಮೇಲೆ ಎದೆಯುಬ್ಬಿಸಿ ಹೇಳುತ್ತಿದ್ದೆ. ಕೇಳಲು ಬಹಳ ಚೆನ್ನಾಗಿತ್ತು.

ಆ ವರ್ಷ ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರ ತುಮಕೂರಿನ ದೊಡ್ಡ ಚರ್ಚಿನಲ್ಲಿ ಹಾಡಲು ನಮ್ಮ ಮಕ್ಕಳಿಗೆ ಮೊಟ್ಟಮೊದಲ ಬಾರಿ ಕರೆ ಬಂದಿತ್ತು. ಅದಕ್ಕೆ ಮುಂಚೆ ನಮ್ಮವರು ಅಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬಂದವರೇ. ನನ್ನ ಹೆಂಡತಿ ಸುಗುಣ ದಸರಾ ರಜೆಯಿಂದಲೂ ಹಾರ್ಮೋನಿಯಂ ಮುಂದೆ ಕೂತು ಅವರಿಗೆ ಹಾಡು ಕಲಿಸುತ್ತಿದ್ದಳು. ಗಂಟಲು ಕೆಟ್ಟರೂ ಬಿಡಲಿಲ್ಲ. ಒಂದು ದಿನ ಹೇಳಿದಳು:

"ಜನ ಯಾವಾಗ್ಲೂ ನಮ್ಮಕ್ಳನ್ನ ಅಯ್ಯೋ ಪಾಪ ಅಂತಾನೇ ನೋಡ್ತಾರೆ ಕಣ್ರೀ. ಒಂದ್ಸಲ, ಒಂದೇ ಒಂದ್ಸಲ, ಎಷ್ಟು ಚೆನ್ನಾಗ್ ಹಾಡ್ತಾವೆ ಅನ್ಬೇಕು. ಇನ್ನೇನೂ ಬೇಡ ನಂಗೆ."

ಈ ಕಾರ್ಯದಲ್ಲಿ ನನ್ನ ಪಾಲೂ ಇರಲೇಬೇಕು ಎಂದು ತೀರ್ಮಾನಿಸಿದೆ. ಅಲ್ಲಿಂದ ಶುರುವಾಯಿತು ನೋಡಿ.

ಅದೇ ಹೊತ್ತಿಗೆ ಸುಗುಣಳ ದೊಡ್ಡಮ್ಮನ ಮಗಳು ಎಲಿಜಬೆತ್ ಅಕ್ಕ ಬಂದರು. ಅವರು ಆಫ್ರಿಕಾದ ಕೀನ್ಯಾದಲ್ಲಿ ನಮ್ಮಂಥದ್ದೇ ಒಂದು ಮಕ್ಕಳ ಮನೆಯಲ್ಲಿ ನರ್ಸ್. ಆಲ್ಬಂ ತೆರೆದು ಅಲ್ಲಿನ ದಿನಚರಿಯನ್ನೆಲ್ಲ ತೋರಿಸಿದರು. ಬೆಳಗಾಗೆದ್ದು ಸೊಪ್ಪಿನ ಕೊಂಬೆಯಲ್ಲಿ ಅಂಗಳ ಗುಡಿಸುವ ಮಕ್ಕಳು, ಬಿಳಿ ಜೋಳದ ಹಿಟ್ಟಿನಲ್ಲಿ ನಮ್ಮ ಮುದ್ದೆಯ ತಮ್ಮನಂತಿದ್ದ ಊಟ, ತೊಳೆದು ಸಾಲಾಗಿ ಬೋರಲು ಹಾಕಿದ ತಟ್ಟೆಗಳು. ಎಲ್ಲಕ್ಕಿಂತ ನನ್ನ ಕಣ್ಣು ಸೆಳೆದದ್ದು ಮಕ್ಕಳ ತಲೆ. ಒಂದೊಂದೂ ನುಣ್ಣಗೆ, ಒಪ್ಪವಾಗಿ, ಹೇನಿನ ಮಾತೇ ಇಲ್ಲದಂತೆ!

"ಶನಿವಾರ ಶನಿವಾರ ಅಲ್ಲಿ ವಾರ್ಡನ್ನೇ ಕಟಿಂಗ್ ಮಾಡ್ತಾರೆ," ಎಂದು ಅಕ್ಕ ತಮ್ಮ ಚೀಲದಿಂದ ಒಂದು ಕರೆಂಟಿನ ಕಟಿಂಗ್ ಮೆಷಿನ್ ತೆಗೆದು ಕೊಟ್ಟರು. "ನಿಮ್ಗೂ ಒಂದು ತಂದಿದೀನಿ. ಆದ್ರೆ ಅಲ್ಲಿ ನಮ್ಗೆ ಜನರೇಟರ್ ಇದೆ. ಇಲ್ಲಿ ಹೆಂಗೆ?"

ನಾನು ನಕ್ಕುಬಿಟ್ಟೆ. "ಅಕ್ಕ, ಇದೇನು ಆಫ್ರಿಕಾನಾ? ಗುಬ್ಬಿ ಕಣಕ್ಕ! ಇಲ್ಲಿ ಕರೆಂಟಿಗೇನು ಬರ?"

ಅಕ್ಕ ಆಲ್ಬಂ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ಊರಿಗೆ ಹೊರಟರು.

ನಮ್ಮ ಮಕ್ಕಳ ಕಟಿಂಗಿಗೆ ತಿಂಗಳಿಗೊಮ್ಮೆ ಬರುತ್ತಿದ್ದವನು ಗುಬ್ಬಿ ಪೇಟೆಯ ಹನುಮಂತಣ್ಣ. ಆ ಸಲ ಅವನು ಬಂದಾಗ ನಾನು ಬಾಗಿಲಲ್ಲೇ ತಡೆದು, "ಹನುಮಂತಣ್ಣ, ಕಾಲ ಬದಲಾಗಿದೆ. ಈ ಸಂಸ್ಥೆಗೆ ಇನ್ನು ಮುಂದೆ ತಮ್ಮ ಸೇವೆಯ ಅಗತ್ಯವಿರುವುದಿಲ್ಲ" ಎಂದು ಸರ್ಕಾರಿ ಆದೇಶದ ಧಾಟಿಯಲ್ಲಿ ಹೇಳಿದೆ. ಅವನು ನನ್ನ ಕೈಯಲ್ಲಿದ್ದ ಮೆಷಿನ್ ನೋಡಿದ. ನನ್ನ ಮುಖ ನೋಡಿದ.

"ಆಗ್ಲಿ ಬುಡಿ ಸಾ. ಕರೆದ್ರೆ ಬರ್ತೀನಿ."

"ಕರೆಯೋ ಸಂದರ್ಭ ಬರಲ್ಲ!" ಎಂದೆ.

ಚರ್ಚಿನ ಕಾರ್ಯಕ್ರಮದ ಹಿಂದಿನ ದಿನ ಶನಿವಾರ. ಸುಗುಣ ಹುಡುಗಿಯರನ್ನು ಕರೆದುಕೊಂಡು ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ಒಗೆಸುತ್ತಿದ್ದಳು. ನಾನು ಹುಡುಗರನ್ನು ಆಫೀಸಿನ ಮುಂದೆ ಸಾಲಾಗಿ ನಿಲ್ಲಿಸಿದೆ. ಮೆಷಿನ್ನಿನ ಪೆಟ್ಟಿಗೆಯಲ್ಲಿ ಬಾಚಣಿಗೆಯಂಥ ಕೆಲವು ಪ್ಲಾಸ್ಟಿಕ್ ತುಂಡುಗಳೂ ಇದ್ದವು. ಏನೋ ಪ್ಯಾಕಿಂಗ್ ಸಾಮಾನು ಎಂದುಕೊಂಡು ಆಡಲು ಚಿಕ್ಕವರಿಗೆ ಕೊಟ್ಟೆ. ಕೂದಲನ್ನು ಒಂದಿಷ್ಟು ಉಳಿಸುವುದೇ ಆ ತುಂಡುಗಳ ಕೆಲಸವೆಂಬುದು ತಿಳಿದಾಗ ಉಳಿಸಲು ಕೂದಲೇ ಇರಲಿಲ್ಲ.

ಮೆಷಿನ್ನಿನ ಪ್ಲಗ್ಗು ನಮ್ಮ ಗೋಡೆಗೆ ಹೊಂದಲಿಲ್ಲ. ನಾನು ಹಿಂಜರಿಯುವ ಆಸಾಮಿಯೇ? ಪ್ಲಗ್ಗು ಕತ್ತರಿಸಿ, ಎರಡು ವೈರನ್ನೂ ಬೆಂಕಿಕಡ್ಡಿ ಸಿಕ್ಕಿಸಿ ಗೋಡೆಗೆ ತುರುಕಿದೆ. ಮೆಷಿನ್ ಜುಯ್ ಎಂದಿತು. ಆದರೆ ವೈರು ಗಿಡ್ಡ. ಕಿಟಕಿಯ ಪಕ್ಕ ಕುರ್ಚಿ ಹಾಕಿದರೆ ಹುಡುಗನ ಎಡಗಡೆ ತಲೆಗೆ ಮಾತ್ರ ಎಟುಕುತ್ತಿತ್ತು. ಬಲಗಡೆ ಮಾಡಲು ಕುರ್ಚಿ ತಿರುಗಿಸಬೇಕು. ಇಪ್ಪತ್ತಕ್ಕೂ ಹೆಚ್ಚು ಹುಡುಗರು. ಪ್ರತಿಯೊಬ್ಬನಿಗೂ ಕುರ್ಚಿ ತಿರುಗಿಸುತ್ತಾ ಕೂತರೆ ಸಮಯ ಎಷ್ಟು ಹಾಳು! ಆಗ ನನಗೆ ಆ ದಿವ್ಯ ಯೋಚನೆ ಹೊಳೆಯಿತು. ಮೊದಲು ಎಲ್ಲರ ಎಡಗಡೆ ಮುಗಿಸಿಬಿಡುವುದು. ಆಮೇಲೆ ಒಂದೇ ಸಲ ಕುರ್ಚಿ ತಿರುಗಿಸಿ ಎಲ್ಲರ ಬಲಗಡೆ!

ಹುಡುಗರಲ್ಲಿ ದೊಡ್ಡವನಾದ ಸ್ಯಾಮುಯೆಲ್ ತಲೆ ಕೆರೆದುಕೊಂಡು, "ಸಾರ್, ಒಬ್ಬೊಬ್ರುದು ಪೂರ್ತಿ ಮಾಡ್ಬೋದಲ್ವಾ?" ಅಂದ.

"ಇದಕ್ಕೆ ಪ್ಲಾನಿಂಗ್ ಅಂತಾರೆ ಕಣೋ. ಕೂತ್ಕೊ!" ಎಂದೆ.

ಕೆಲಸ ಸರಾಗವಾಗಿ ಸಾಗಿತು. ಕೊನೆಯ ಹುಡುಗನ ಎಡಗಡೆ ಮುಗಿಯಿತು. ಹೆಮ್ಮೆಯಿಂದ ಕುರ್ಚಿ ತಿರುಗಿಸಿದೆ. ಮೆಷಿನ್ ನಿಂತಿತು.

ಫ್ಯೂಸ್ ಹೋಗಿತ್ತು. ಫ್ಯೂಸ್ ಹಾಕಲು ನನಗೆ ಯಾರು ಹೇಳಿಕೊಡಬೇಕು? ಇನ್ನೊಮ್ಮೆ ಹೋಗದಿರಲಿ ಎಂದು ಬಟ್ಟೆ ಒಣಹಾಕುವ ತಂತಿಯಲ್ಲೇ ಒಂದು ತುಂಡು ಮುರಿದು ಭದ್ರವಾಗಿ ಕಟ್ಟಿದೆ. ಸ್ವಿಚ್ ಹಾಕಿದೆ. ಗೋಡೆಯಲ್ಲಿ ಬೆಂಕಿಕಡ್ಡಿ ಹೊತ್ತಿಕೊಂಡಿತು, ಮೆಷಿನ್ನಿನಿಂದ ಹೊಗೆ ಬಂತು. ರಸ್ತೆಯ ಕಂಬದ ಮೇಲೆ ಢಮ್ ಎಂದಿತು. ಪಕ್ಕದ ಹಿಟ್ಟಿನ ಗಿರಣಿ ನಿಂತಿತು, ಆಚೆಬದಿಯ ತೋಟದ ಪಂಪ್‌ಸೆಟ್ಟೂ ನಿಂತಿತು. ಒಂದು ಕ್ಷಣ ಇಡೀ ಬೀದಿ ನಿಶ್ಶಬ್ದವಾಯಿತು. ಆಮೇಲೆ ಇಡೀ ಬೀದಿ ನಮ್ಮ ಅಂಗಳಕ್ಕೆ ಬಂತು.

ಬಂದವರ ಕಣ್ಣಿಗೆ ಬಿದ್ದದ್ದು ಇದು: ಇಪ್ಪತ್ತಕ್ಕೂ ಹೆಚ್ಚು ಹುಡುಗರು. ಎಡಗಡೆ ಬೋಳು. ಬಲಗಡೆ ಕಾಡು!

ಲೈನ್‌ಮನ್ ಬಂದು ಕಂಬದ ಮೇಲೆ ನೋಡಿದ. ಕೆಳಗಿಳಿದು ಮಕ್ಕಳನ್ನು ನೋಡಿದ. "ಟ್ರಾನ್ಸ್‌ಫಾರ್ಮರ್ರೇ ಹೋಗದೆ. ತುಮ್ಕೂರಿಂದ ಬರ್ಬೇಕು. ಸೋಮ್ವಾರ ನೋಡಾಣ," ಅಂದ.

"ನಾಳೆ ಬೆಳಗ್ಗೆ ಹಾಡಬೇಕಲ್ಲಪ್ಪ!"

"ಹಾಡಕ್ಕೆ ಕರೆಂಟ್ ಯಾಕೆ ಸಾ?"

ಗದ್ದಲ ಕೇಳಿ ಸುಗುಣ ಒದ್ದೆ ಕೈಯಲ್ಲೇ ಓಡಿ ಬಂದಳು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಕಣ್ಣು ತುಂಬಿಕೊಂಡು ಸುಮ್ಮನೆ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೂರು ತಿಂಗಳ ಅವಳ ಹಾಡನ್ನು ನಾನು ಒಂದು ಮಧ್ಯಾಹ್ನದಲ್ಲಿ ಬೋಳಿಸಿಬಿಟ್ಟಿದ್ದೆ.

ಬೇರೆ ದಾರಿ ಇರಲಿಲ್ಲ. ಸೈಕಲ್ ಹತ್ತಿ ಹನುಮಂತಣ್ಣನ ಅಂಗಡಿಗೆ ಹೋದೆ. ಅವನು ಅವಸರವೇ ಇಲ್ಲದೆ ಗಿರಾಕಿಯ ಮೀಸೆ ತಿದ್ದಿ, ಕನ್ನಡಿ ಒರೆಸಿ, ಬೀಡಿ ಸೇದಿ, ಆಮೇಲೆ ಕೇಳಿದ:

"ಸಂಸ್ಥೆಗೆ ಸೇವೆ ಅಗತ್ಯ ಬಂತಾ ಸಾ?"

"ಬಂತು."

ಅವನು ಬಂದು ಮಕ್ಕಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ತೀರ್ಪು ಕೊಟ್ಟ. "ಇದ್ಕೆ ಕತ್ರಿ ಹತ್ತಕ್ಕಿಲ್ಲ. ಕತ್ತಿನೇ ಆಗ್ಬೇಕು. ಎಲ್ಲಾರ್ಗೂ ಗುಂಡು!"

ಹುಡುಗರು ಹೋ ಎಂದು ಅಳತೊಡಗಿದರು. ಚಿಕ್ಕವನಾದ ಯೋನ ಕಂಬ ತಬ್ಬಿಕೊಂಡು, "ನಾನು ಗುಂಡು ಹೊಡಿಸ್ಕಳಲ್ಲ! ಎಲ್ರೂ ನಗ್ತಾರೆ!" ಎಂದು ಕಿರುಚಿದ. ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, "ಮಕ್ಕಳೇ, ಈ ಮನೆಯ ಕಾನೂನು ನೆನಪಿರಲಿ. ಎಲ್ಲರಿಗೂ ಒಂದೇ" ಎಂದೆ.

ಅಳು ಥಟ್ಟನೆ ನಿಂತಿತು. ಸ್ಯಾಮುಯೆಲ್ ತನ್ನ ಅರ್ಧ ತಲೆಯನ್ನು ನನ್ನ ಕಡೆ ತಿರುಗಿಸಿದ.

"ವಾರ್ಡನ್‌ಗೂನಾ ಸಾರ್?"

ನಾನು ಸುತ್ತ ನೋಡಿದೆ. ಹುಡುಗರು ನನ್ನನ್ನೇ ನೋಡುತ್ತಿದ್ದರು, ಬೀದಿಯವರೂ ನೋಡುತ್ತಿದ್ದರು. ಹನುಮಂತಣ್ಣ ಆಗಲೇ ಕುರ್ಚಿಯ ಧೂಳು ಹೊಡೆದು ಟವೆಲ್ ಕೊಡವಿ ನಿಂತಿದ್ದ. ಅಷ್ಟು ಪ್ರೀತಿಯಿಂದ ಯಾರೂ ನನಗೆ ಕುರ್ಚಿ ತೋರಿಸಿದ್ದಿಲ್ಲ. "ಮೊದ್ಲು ನೀವೇ ಕೂತ್ಕಳಿ ಸಾ," ಅಂದ.

ಮರುದಿನ ಬೆಳಗ್ಗೆ ನಾವು ತುಮಕೂರಿನ ಬಸ್ಸು ಹತ್ತಿದೆವು. ಕಂಡಕ್ಟರ್ ನಮ್ಮ ತಲೆಗಳನ್ನು ನೋಡಿ ಕೈ ಮುಗಿದ. "ತಿರುಪ್ತಿಯಿಂದ ಬಂದ್ರಾ ಸ್ವಾಮಿ? ದರ್ಶನ ಚೆನ್ನಾಗಾಯ್ತಾ?" ಕೂತಿದ್ದ ಇಬ್ಬರು ಎದ್ದು ನನಗೆ ಜಾಗ ಬಿಟ್ಟರು. ಕಂಕುಳಲ್ಲಿ ಬೈಬಲ್ ಇಟ್ಟುಕೊಂಡು ನಾನು ಏನು ಹೇಳಲಿ? ಕೂತೆ. ಸುಗುಣ ಕಿಟಕಿಯಾಚೆ ನೋಡುತ್ತಿದ್ದಳು. ನಿನ್ನೆಯಿಂದ ಅವಳು ನನ್ನೊಂದಿಗೆ ಮಾತೇ ಆಡಿರಲಿಲ್ಲ.

ಚರ್ಚಿನಲ್ಲಿ ನಮ್ಮ ಹುಡುಗರು ಹುಡುಗಿಯರ ಪಕ್ಕ ಸಾಲಾಗಿ ನಿಂತಾಗ ಮೊದಲು ಪಿಸುಪಿಸು, ಆಮೇಲೆ ಕಿಸಿಕಿಸಿ. ಯೋನನ ತುಟಿ ನಡುಗಿತು. ಸುಗುಣ ಹಾರ್ಮೋನಿಯಂ ಬಿಟ್ಟು ಎದ್ದು ಹೋಗುತ್ತಾಳೆ ಎಂದೇ ಅಂದುಕೊಂಡೆ. ಅವಳು ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಕಡೆ ಬೆರಳು ತೋರಿಸಿ ಯೋನನ ಕಿವಿಯಲ್ಲಿ ಏನೋ ಹೇಳಿದಳು. ಅವನು ನನ್ನ ತಲೆ ನೋಡಿದ. ಕಿಸಕ್ಕನೆ ನಕ್ಕ. ಪಕ್ಕದವನಿಗೂ ತೋರಿಸಿದ. ಸಾಲು ಪೂರ್ತಿ ನಕ್ಕಿತು. ಆ ನಗುಮುಖದಲ್ಲೇ ಹಾಡು ಎತ್ತಿಕೊಂಡರು ನೋಡಿ, ಚರ್ಚು ಗಪ್‌ಚಿಪ್! ಎರಡನೆಯ ಹಾಡಿಗೆ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬ.

ಆರಾಧನೆ ಮುಗಿದ ಮೇಲೆ ಜನ ಮಕ್ಕಳನ್ನು ಸುತ್ತುವರಿದರು. "ಎಷ್ಟು ಚೆನ್ನಾಗಿ ಹಾಡ್ತಾವಪ್ಪ!" ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಆಮೇಲೆ ಮೂಲೆಯಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ ನೋಡಿದರು.

"ಅಯ್ಯೋ ಪಾಪ," ಅಂದರು.

ಸಂಜೆ ಗುಬ್ಬಿಗೆ ವಾಪಸಾದಾಗ ಗೇಟಿನ ಹತ್ತಿರ ಪಕ್ಕದ ಮನೆಯ ನಂಜಮ್ಮನವರು ಕಾದಿದ್ದರು. ಹಿಂದಿನ ದಿನ ಅವರು ಚೇಳೂರಿನ ಮಗಳ ಮನೆಯಲ್ಲಿದ್ದುದರಿಂದ ನಡೆದದ್ದೊಂದೂ ಗೊತ್ತಿರಲಿಲ್ಲ. ಎರಡು ಕೈಯನ್ನೂ ಭಕ್ತಿಯಿಂದ ಚಾಚಿ, "ಮುಡಿ ಕೊಟ್ಟು ಬಂದ್ರಾ ಸಾಮಿ? ಪ್ರಸಾದ ಕೊಡಿ," ಅಂದರು. ಆಗ ಸುಗುಣ ಮುಂದೆ ಬಂದು, ಚರ್ಚಿನಲ್ಲಿ ಕೊಟ್ಟಿದ್ದ ಕೇಕಿನ ಒಂದು ತುಂಡನ್ನು ಅವರ ಕೈಗಿಟ್ಟಳು. ನಂಜಮ್ಮನವರು ಅದನ್ನು ಕಣ್ಣಿಗೊತ್ತಿಕೊಂಡರು.

"ಅಲ್ಲ ಕಣಮ್ಮ, ಇವ್ರು ಯಾಕೆ ಮುಡಿ ಕೊಟ್ರು?"

ನಿನ್ನೆಯಿಂದ ಮುಚ್ಚಿದ್ದ ನನ್ನ ಹೆಂಡತಿಯ ಬಾಯಿ ಆಗ ತೆರೆಯಿತು.

"ಇವ್ರ ತಲೆ ಒಳಗೆ ಏನೂ ಇಲ್ಲ ಅಂತ ಇಷ್ಟು ದಿನ ನಂಗೊಬ್ಳಿಗೇ ಗೊತ್ತಿತ್ತು ನಂಜಮ್ಮಕ್ಕ. ಊರಿಗೂ ಗೊತ್ತಾಗ್ಲಿ ಅಂತ ಮೇಲ್ಗಡೇದೂ ತೆಗೆಸಿದಾರೆ!"