ಯಜಮಾನರ ಹೆಸರಿನ ದೋಸೆ ಯಂತ್ರ

"ನೋಡ್ತಾ ಇರಿ! ಇನ್ಮೇಲೆ ನಮ್ಮಮ್ಮ ಒಲೆ ಮುಂದೆ ನಿಲ್ಲೋ ಹಾಗೇ ಇಲ್ಲ!" ತಿಂಡಿಗೆ ಕೂತಿದ್ದ ನೆಂಟರಿಗೆಲ್ಲ ಕೇಳುವಂತೆ ಶ್ರೀಕಂಠ ಸಾರಿದ. ತುಮಕೂರಿನ ಆ ಮನೆಯಲ್ಲಿ ಅಂದು ಅವನ ಅಪ್ಪನ ಎಪ್ಪತ್ತರ ಶಾಂತಿ. ಅಮ್ಮ ಜಲಜಾಕ್ಷಮ್ಮನಿಗೆ ಆಗಲೇ ಬೆವರು. ಮಗನ ಹಿಂದಿನ ಯಂತ್ರ ಬೀಗರ ಪಂಚೆಯನ್ನೇ ರುಬ್ಬಿಹಾಕಿತ್ತು. ಆ ನಾಚಿಕೆಯೇ ಇನ್ನೂ ಆರಿರಲಿಲ್ಲ.

ಈ ಸಲದ್ದು ದೋಸೆ ಯಂತ್ರ. ಅದರ ಮಿದುಳು ಅಟ್ಟದ ಮೇಲಿನ ಕಂಪ್ಯೂಟರ್, ಒಂದು ಲಿನಕ್ಸ್ ಸರ್ವರ್. ಮನೆತನದ ಊರು ಬೆಳ್ಳಾವಿ, ಅದಕ್ಕಿಟ್ಟ ಹೆಸರು ಎರಡನ್ನೂ ಅಮ್ಮನೇ ತನ್ನ ದನಿಯಲ್ಲಿ ಹೇಳಿ ಕರೆದರೆ ಮಾತ್ರ ಮಾತು ಕೇಳುತ್ತದೆ. ಶ್ರೀಕಂಠ ಅದಕ್ಕೆ ಮೊದಲು ಇಟ್ಟದ್ದು ಅಪ್ಪನ ಹೆಸರು! ಮದುವೆಯಾದಾಗಿನಿಂದ ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಹೇಳದ ಜಲಜಾಕ್ಷಮ್ಮ ರೇಗಿದ್ದರು. "ಅವರ ಹೆಸರು ನನ್ನ ಬಾಯಲ್ಲಿ ಹೇಳಿಸ್ತೀಯೇನೋ, ಮಾನಗೆಟ್ಟೋನೆ!" ಅದಕ್ಕೇ ಅವನು ಬೆಳಿಗ್ಗೆಯಷ್ಟೇ ಹೆಸರನ್ನು 'ಚಂಪಾ' ಎಂದು ಬದಲಾಯಿಸಿದ್ದ.

ಗುಂಡಿ ಒತ್ತಿದ. ಮೊದಲ ದೋಸೆ ಹಾರಿಬಂದು ಎಲೆಯ ಮೇಲೇ ಬಿತ್ತು. ಚಪ್ಪಾಳೆಯೋ ಚಪ್ಪಾಳೆ! "ನಂಗೆ ಸಾಕಪ್ಪ" ಎಂದ ಸೋದರಮಾವನ ಬೋಳುತಲೆಯ ಮೇಲೆ ಮುಂದಿನದು ಬಿತ್ತು.

"ಬೆಳ್ಳಾವಿ ಚಂಪಾ, ನಿಲ್ಸು!" ಎಂದರು ಜಲಜಾಕ್ಷಮ್ಮ.

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲ" ಎಂದ ಯಂತ್ರ ಇನ್ನೂ ಜೋರಾಗಿ ಎಸೆಯತೊಡಗಿತು.

ಶ್ರೀಕಂಠ ಹಣೆ ಚಚ್ಚಿಕೊಂಡ. "ಅಯ್ಯೋ! ಹೆಸರು ಎರಡು ಕಡೆ ಬದಲಾಯಿಸ್ಬೇಕಿತ್ತಮ್ಮ! ಸರ್ವರ್ ಹೆಸರು ನೋಡ್ಕೊಳ್ಳೋ ಪಟ್ಟಿ, ಆ ಹೋಸ್ಟ್ಸ್ ಫೈಲಲ್ಲಿ, ಅಪ್ಪನ ಹೆಸರೇ ಉಳಿದುಬಿಟ್ಟಿದೆ!"

"ಪ್ಲಗ್ ಕೀಳೋ!"

"ಬ್ಯಾಟರಿ ಇದೆ! ಕರೆಂಟ್ ಹೋದ್ರೂ ನಿಲ್ಲಲ್ಲ!" ಆಗಲೂ ಅವನ ದನಿಯಲ್ಲಿ ಹೆಮ್ಮೆಯೇ!

ದೋಸೆಗಳು ಫ್ಯಾನಿಗೆ ತಗುಲಿ ನಾಲ್ಕೂ ಕಡೆ ಸಿಡಿದವು. ಪುರೋಹಿತರು ಮಂತ್ರ ಬಿಟ್ಟು ಮೇಜಿನ ಕೆಳಗೆ ನುಗ್ಗಿದರು. ಮೈಮೇಲೆ ಬಿಸಿ ದೋಸೆ ಬಿದ್ದ ಶ್ರೀಕಂಠನ ಅತ್ತಿಗೆ "ಸುಟ್ಟೋಯ್ತು, ಸುಟ್ಟೋಯ್ತು!" ಎಂದು ಕುಣಿದರು. ಯಜಮಾನರ ಮುಖವಂತೂ ದೋಸೆಗಳಡಿ ಕಾಣಿಸುತ್ತಲೇ ಇರಲಿಲ್ಲ.

"ಅಮ್ಮಾ, ಹಳೇ ಹೆಸರು ಹೇಳು! ಹಿಟ್ಟು ನಾಳೆವರೆಗೂ ಬರುತ್ತೆ!"

"ಇಷ್ಟು ಜನರ ಮುಂದೆಯೇನೋ?" ಜಲಜಾಕ್ಷಮ್ಮನ ಕಣ್ಣಲ್ಲಿ ನೀರು ಬಂತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಷ್ಟರಲ್ಲಿ ಇನ್ನೊಂದು ದೋಸೆ ಮೂಲೆಯಲ್ಲಿ ಮಗು ಮಲಗಿದ್ದ ತೊಟ್ಟಿಲ ಕಡೆ ಹೊರಟಿತು. ಅವರು ಕಣ್ಣು ಮುಚ್ಚಿ ಕಿರುಚಿಯೇಬಿಟ್ಟರು.

"ಬೆಳ್ಳಾವಿ ಅಶ್ವತ್ಥನಾರಾಯಣ! ನಿಲ್ಸೋ ಸಾಕು!"

ಯಂತ್ರ ನಿಂತಿತು. ನೆಂಟರೆಲ್ಲ ಅವರತ್ತ ತಿರುಗಿದರು. 'ನಿಲ್ಸೋ' ಅಂದೆನಲ್ಲ, ಅದೂ ಏಕವಚನದಲ್ಲಿ! ಜಲಜಾಕ್ಷಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಯಜಮಾನರು ಮುಖದ ಮೇಲಿನ ದೋಸೆಗಳನ್ನು ಒಂದೊಂದಾಗಿ ಸುಲಿದು ಎಲೆಗೆ ಹಾಕಿದರು.

"ಇನ್ನೊಂದ್ಸಲ ಹೇಳೇ" ಎಂದರು. "ಕಿವಿ ಮೇಲೆ ದೋಸೆ ಇತ್ತು, ಸರಿಯಾಗಿ ಕೇಳಿಸ್ಲಿಲ್ಲ."