ಬೀಳೋ ಗೋಡೆಗೆ ಸುಣ್ಣ

ಸರಕಾರಿ ನೌಕರಿಯಲ್ಲಿ ನಗು ಬರಿಸುವಂಥದ್ದು ನಡೆಯುವುದೆಲ್ಲ ನಗಲಾಗದ ಹೊತ್ತಿನಲ್ಲೇ. ಮೇಲಿನ ಸಾಹೇಬರು ಪಕ್ಕದಲ್ಲೇ ನಿಂತಿರುತ್ತಾರೆ, ಆಗಲೇ ಯಾರೋ ಒಬ್ಬರು ಬಾಯಿ ಬಿಡುತ್ತಾರೆ.

ನಾನು ಧಾರವಾಡದವನು. ಹಳೆಯ ಮುಂಬಯಿ ಸರಕಾರದಲ್ಲಿ ಓವರ್ಸಿಯರ್ ಆಗಿ ಸೇರಿ ವಡೋದರೆಗೆ ಬಂದಿದ್ದೆ. ರಾಜ್ಯಗಳು ಬೇರೆಯಾದಾಗ ಕಚೇರಿಯ ಮೇಜು ಕುರ್ಚಿಗಳ ಜೊತೆ ನಾನೂ ಗುಜರಾತಿನ ಪಾಲಿಗೆ ಹೋದೆ. ಅರವತ್ತರ ದಶಕದ ಆ ವರ್ಷಗಳಲ್ಲಿ ಹಳ್ಳಿಯವರಿಗೆ ಮನೆ ಕಟ್ಟಿಕೊಳ್ಳಲು, ಕೆಟ್ಟ ಮನೆ ರಿಪೇರಿ ಮಾಡಿಸಿಕೊಳ್ಳಲು ಸರಕಾರ ಸಹಾಯಧನ ಕೊಡುತ್ತಿತ್ತು. ಅರ್ಜಿ ಹಾಕಿದವರ ಮನೆ ನೋಡಿ ಬರುವುದು ನನ್ನ ಕೆಲಸ. ಬೀಳುವ ಹಾಗಿದ್ದರೆ ಸಹಾಯಧನ ಉಂಟು, ಗಟ್ಟಿಯಾಗಿದ್ದರೆ ಇಲ್ಲ. ಕೇಳಲಿಕ್ಕೆ ಇಷ್ಟೇ. ಆದರೆ ಅಲ್ಲಿಯ ಹಳ್ಳಿಯವರಿಗೆ ಬಾಗಿಲಿಗೆ ಬಂದವನು ಮೊದಲು ಅತಿಥಿ, ಆಮೇಲೆ ಇನ್ಸ್‌ಪೆಕ್ಷನ್ನಿನವನು. ಅತಿಥಿಗೆ ಮನೆಯ ಹುಳುಕು ತೋರಿಸುವುದು ಅವರಿಂದ ಆಗದ ಕೆಲಸ.

ಬೇರೆ ಕೇಸುಗಳೆಲ್ಲ ಹೇಗೋ ದಾಟಿದವು. ಸೂರತ್ತಿನ ಉಧ್ನಾದಾಚೆ ಒಂದು ಹಳ್ಳಿಯಲ್ಲಿ ಒಂಟಿಯಾಗಿದ್ದ ಮುದುಕಿಯ ಮನೆ ಮಾತ್ರ ನನ್ನ ಎದೆಯ ಮೇಲೆ ಕೂತುಬಿಟ್ಟಿತು. ಅವಳ ಹಿಂದಿನ ಗೋಡೆ ಮಳೆಗಾಲಕ್ಕೆ ಮುಂಚೆ ರಿಪೇರಿಯಾಗದಿದ್ದರೆ ಅವಳ ಮೇಲೇ ಬೀಳುವುದಿತ್ತು. ಅವಳ ಕಥೆಗೆ ಬರುತ್ತೇನೆ. ಹಳ್ಳಿಯವರ ಗುಜರಾತಿಯನ್ನು ಮಾತ್ರ ನಮ್ಮ ಧಾರವಾಡದ ಮಾತಿನಲ್ಲೇ ಹೇಳುತ್ತೇನೆ. ಪುಸ್ತಕದ ಕನ್ನಡ ಹಾಕಿದರೆ ಅವರು ಅವರಾಗಿ ಉಳಿಯುವುದಿಲ್ಲ.

ಅತಿಥಿಯ ಜೋಕಾಲಿ

ಇದು ವಡೋದರೆ ಕಡೆಯದು. ನಾನಿನ್ನೂ ಈ ಕೆಲಸಕ್ಕೆ ಹೊಸಬ. ಒಬ್ಬ ರೈತ ಮನೆಯ ನಡುತೊಲೆ ಸೀಳಿದೆ ಎಂದು ಅರ್ಜಿ ಹಾಕಿದ್ದ. ನಾನು ಹೊಸ್ತಿಲು ದಾಟುತ್ತಲೇ ಕೈ ಹಿಡಿದು ಪಡಸಾಲೆಯ ಜೋಕಾಲಿಯ ಮೇಲೆ ಕೂರಿಸಿದ. ಗುಜರಾತಿನ ಮನೆಯಲ್ಲಿ ಬಂದವರಿಗೆ ಮೊದಲ ಮರ್ಯಾದೆ ಅಲ್ಲೇ. ಅವನ ಹೆಂಡತಿ ಬಸಿಯ ತುಂಬ ಕುದಿಯುವ ಚಹಾ ತಂದು ಕೈಗಿಟ್ಟಳು.

"ಅರ್ಜ್ಯಾಗ ಬರದ ತೊಲಿ ಎಲ್ಲೈತಿ?" ಎಂದೆ.

"ನಿಮ್ಮ ತಲಿ ಮ್ಯಾಲ, ಸಾಹೇಬ್ರ."

ಮೇಲೆ ನೋಡಿದೆ. ಜೋಕಾಲಿಯ ಸರಪಳಿಗಳು ಅದೇ ತೊಲೆಗೆ ನೇತುಬಿದ್ದಿದ್ದವು. ಕೈ ತೂರುವಷ್ಟು ದೊಡ್ಡ ಸೀಳು. ಜೋಕಾಲಿ ಮುಂದೆ ಹೋದಾಗ ಸೀಳು ಬಾಯಿ ತೆರೆಯುತ್ತಿತ್ತು, ಹಿಂದೆ ಬಂದಾಗ ಮುಚ್ಚಿಕೊಳ್ಳುತ್ತಿತ್ತು. ಮನೆಯ ಯಜಮಾನ ಬಾಗಿಲಲ್ಲಿ ನಿಂತುಕೊಂಡೇ ಮರ್ಯಾದೆಗೆಂದು ಜೋಕಾಲಿಗೆ ಕಟ್ಟಿದ ಹಗ್ಗ ಹಿಡಿದು ಮೆಲ್ಲಗೆ ತೂಗುತ್ತಿದ್ದ. ಉಳಿದವರೆಲ್ಲ ಅಂಗಳದಲ್ಲಿ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಬಸಿ ತುಂಬಿದ್ದರಿಂದ ಏಳುವ ಹಾಗಿಲ್ಲ, ಕೂರಲಿಕ್ಕೆ ಜೀವ ಒಪ್ಪುವುದಿಲ್ಲ.

"ಸಾವಕಾಶ ಕುಡೀರಿ" ಎಂದ.

ಒಂದೇ ಗುಟುಕಿಗೆ ಕುಡಿದೆ. ನಾಲಿಗೆ ಸುಟ್ಟಿತು. ಹಾರಿ ಅಂಗಳಕ್ಕೆ ಬಿದ್ದು ಕೇಳಿದೆ, "ಇದರ ಮ್ಯಾಲ ನೀವೆಲ್ಲಾ ಹೆಂಗ ಕೂಡತೀರಿ ಮಾರಾಯ್ರ?"

"ನಾವ್ಯಾಕ ಕೂಡೂಣು, ಸಾಹೇಬ್ರ? ತೊಲಿ ಸೀಳಿದಾಗಿಂದ ಅದನ್ನ ಬಂದವ್ರಿಗಂತನ ಇಟ್ಟೀವಿ."

ಕೌದಿಯ ಹಿಂದಿನ ಗೋಡೆ

ಆಮೇಲೆ ಸೂರತ್ತಿಗೆ ವರ್ಗವಾಯಿತು. ಆ ಮುದುಕಿಯ ಮನೆಗೆ ಮೊದಲು ಹೋದದ್ದು ಆಗಲೇ. ಊರೆಲ್ಲ ಅವಳನ್ನು ತಾಯಿ ಎಂದೇ ಕರೆಯುತ್ತಿತ್ತು. ನಾನು ನಮ್ಮ ಕಡೆಯಂತೆ ಆಯಿ ಎನ್ನುತ್ತೇನೆ. ಮಣ್ಣಿನ ಗೋಡೆ, ನಾಡಹಂಚಿನ ಸೂರು. ಹಿಂದಿನ ಗೋಡೆ ಒಳಗಡೆಗೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ನೋಡಿದರೇ ಭಯವಾಗುತ್ತಿತ್ತು. ಮಂಜೂರು ಮಾಡುವವರು ಅಹಮದಾಬಾದಿನ ದೊಡ್ಡ ಸಾಹೇಬರು. ನಗು ಎಂಬುದು ಅವರ ಮುಖದ ಹತ್ತಿರ ಸುಳಿಯುತ್ತಿರಲಿಲ್ಲ. ಅವರು ಬರುವ ದಿನವನ್ನು ಆಯಿಗೆ ಮೊದಲೇ ಹೇಳಿ ಕಳಿಸಿದೆ.

ಆ ದಿನ ಹೋಗಿ ನೋಡುತ್ತೇನೆ, ನನಗೇ ಮನೆಯ ಗುರುತು ಸಿಗಲಿಲ್ಲ! ಗೋಡೆಗಳಿಗೆ ಬೆಳ್ಳಗೆ ಸುಣ್ಣ. ಸಗಣಿ ಸಾರಿಸಿದ ನೆಲ. ಬಾಗಿಲಿಗೆ ತೋರಣ. ಹಲಗೆಯ ಮೇಲೆ ಹಿತ್ತಾಳೆ ಕೊಡಗಳು ಫಳಫಳ. ಹೊಟ್ಟೆ ಬಿಟ್ಟ ಗೋಡೆಯ ಮುಂದೆ ಊರವರ ಕೌದಿಗಳನ್ನೆಲ್ಲ ತಂದು ಸೂರಿನವರೆಗೆ ಒಟ್ಟಿ, ಮೇಲೆ ಕಸೂತಿಯ ಬಟ್ಟೆ ಹೊದಿಸಿದ್ದಳು.

ಸಾಹೇಬರು ಹೊಸ್ತಿಲಲ್ಲೇ ನಿಂತು ಕೇಳಿದರು, "ಇದೇನ್ರೀ ನೀವು ಬರೆದ ಬೀಳುವ ಮನೆ?"

"ಗೋಡೆ ಕೌದಿಗಳ ಹಿಂದಿದೆ, ಸರ್."

"ಸರಿಸಲು ಹೇಳಿ."

ಆಯಿ ಕೌದಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. "ಮನಿಗೆ ಬಂದವ್ರ ಮುಂದ ಹಾಸಿಗಿ ಕೆದರಿ ಮಾನಾ ಕಳಕೊಳ್ಳಲೇನು? ಆಗಂಗಿಲ್ಲ."

ನಾನು ಕೈ ಮುಗಿದೆ, ಕಣ್ಣು ಬಿಟ್ಟೆ, ಏನೂ ನಡೆಯಲಿಲ್ಲ. ಸಾಹೇಬರು 'ಮನೆ ಸುಸ್ಥಿತಿಯಲ್ಲಿದೆ' ಎಂದು ಬರೆದು ಜೀಪು ಹತ್ತಿದರು. ಜೀಪಿನ ಧೂಳು ಅಡಗುವ ಮುಂಚೆ ಆಯಿ ಹಿಗ್ಗಿನಿಂದ ಕೇಳಿದಳು, "ಸಾಹೇಬ್ರಿಗೆ ಮನಿ ಪಸಂದ ಬಂತಲ್ಲೋ, ಭಾಯ್?"

"ಭಾಳ ಪಸಂದ ಬಂತು, ಆಯಿ. ಅದಕ್ಕ ರಿಪೇರಿಗೆ ರೊಕ್ಕಾ ಕೊಡಂಗಿಲ್ಲಂತ."

ಅವಳ ಮುಖ ಬಾಡಿತು. ಬೆಳ್ಳಗಿನ ಗೋಡೆಯ ಕಡೆ ನೋಡಿ ಕೇಳಿದಳು, "ಹೋಗ್ಲಿ, ಸುಣ್ಣದ ರೊಕ್ಕಾನಾದ್ರೂ ಕೊಡ್ತಾರೇನು?"

ತಿಳಿಸಾರು

ಅಹಮದಾಬಾದಿಗೆ ಮೇಲಿಂದ ಮೇಲೆ ಬರೆದೆ. ಕೊನೆಗೆ ಸಾಹೇಬರೇ ಫೋನು ಮಾಡಿದರು. "ಇನ್ನೊಮ್ಮೆ ಬರುತ್ತೇನೆ. ಈ ಸಲವೂ ಹಾಗೇ ಇದ್ದರೆ ಆ ಊರಿಗೆ ಈ ವರ್ಷ ಸಹಾಯಧನವೇ ಇಲ್ಲ. ನಿಮ್ಮ ಬಗ್ಗೆಯೂ ಮೇಲಕ್ಕೆ ಬರೆಯಬೇಕಾಗುತ್ತದೆ" ಎಂದರು. ಅಷ್ಟರಲ್ಲಿ ಬೇಸಿಗೆ ಮುಗಿಯುತ್ತ ಬಂದು ಸಮುದ್ರದ ಕಡೆಯಿಂದ ಮೋಡ ಏರತೊಡಗಿತ್ತು. ಗುಡುಗಿದಾಗಲೆಲ್ಲ ನನಗೆ ಆ ಗೋಡೆಯದೇ ನೆನಪು. ನೌಕರಿಯ ಭಯಕ್ಕಿಂತ ಅದೇ ದೊಡ್ಡ ಭಯವಾಗಿತ್ತು.

ಒಂದು ಸಂಜೆ ಊಟಕ್ಕೆ ಕೂತಾಗ ಮಳೆ ಜೋರಾಗಿ ಹೊಡೆಯಿತು. ಕಿಟಕಿಯ ಕಡೆಗೇ ನೋಡುತ್ತ ಅನ್ನದಲ್ಲಿ ಕೈ ಆಡಿಸುತ್ತಿದ್ದೆ. "ಸಾರು ಇವತ್ತ್ಯಾಕ ಇಷ್ಟ ತೆಳ್ಳಗಾಗೈತಿ?" ಎಂದು ಸಿಡುಕಿದೆ ಬೇರೆ.

ಹೆಂಡತಿ ಸೌಟು ಕೆಳಗಿಟ್ಟಳು. "ಊರ ಮಂದಿ ಮನಿ ಚಿಂತಿ ಬಿಟ್ಟು ಒಮ್ಮೆ ಮ್ಯಾಲ ನೋಡ್ರಿ. ನಾ ಇನ್ನೂ ನಿಮಗ ಸಾರ ಬಡಿಸಿಲ್ಲ."

ನಮ್ಮ ಬಾಡಿಗೆ ಮನೆಯ ಮಾಳಿಗೆ ಸೋರಿ ನನ್ನ ತಾಟು ತುಂಬುತ್ತಿತ್ತು.

ಊಟಕ್ಕೆ ಜಾಗ

ಸಾಹೇಬರು ಬರುವ ಮುನ್ನಾದಿನ ಆಯಿಯ ಮನೆಗೆ ಓಡಿದೆ. ಗೋಡೆ ಇನ್ನಷ್ಟು ಉಬ್ಬಿತ್ತು.

"ಈ ಸಲ ಏನೂ ಮಾಡಬ್ಯಾಡ. ಸುಣ್ಣಾ ಬ್ಯಾಡ, ಸಗಣಿ ಬ್ಯಾಡ, ಕೌದಿ ಎಲ್ಲಾ ಹೊರಗ ಇಡು."

"ಅಷ್ಟ ದೂರದಿಂದ ಬರೋರಿಗೆ ಹೊಲಸ ಮನಿ ತೋರಸಲೇನು? ನಾಳೆ ಊರಾಗ ಹೆಂಗ ಮುಖಾ ಎತ್ತಲಿ?"

"ನನ್ನ ಮ್ಯಾಲ ಆಣಿ ಐತಿ, ಆಯಿ."

ಕಣ್ಣೊರೆಸಿಕೊಂಡು ಹೂಂ ಎಂದಳು.

ಮರುದಿನ ಬೆಳಗ್ಗೆ ಮೋಡ ಕವಿದಿತ್ತು, ಗಾಳಿ ಎದ್ದಿತ್ತು. ಜೀಪಿನಿಂದ ಇಳಿದು ಸಾಹೇಬರಿಗಿಂತ ಮೊದಲೇ ಬಾಗಿಲಿಗೆ ಓಡಿದೆ. ಒಳಗೆ ಹೋದರೆ ಕೌದಿಯಿಲ್ಲ, ತೋರಣವಿಲ್ಲ. ಗೋಡೆ ತನ್ನ ಹೊಟ್ಟೆಯನ್ನೂ ಬಿರುಕನ್ನೂ ಪೂರ್ತಿ ತೋರಿಸಿಕೊಂಡು ನಿಂತಿತ್ತು. ಸದ್ಯ, ನಾನು ಬದುಕಿದೆ ಎಂದುಕೊಂಡೆ.

ಸಾಹೇಬರು ದೂರದಿಂದಲೇ ನೋಡಿ, "ಹೋದ ಸಲ ಬೇರೆ ಇತ್ತು, ಈ ಸಲ ಬೇರೆ ಇದೆ. ಯಾವುದನ್ನು ನಂಬಲಿ? ಅವರ ಬಾಯಿಂದಲೇ ಕೇಳೋಣ" ಎಂದು ಅವಳ ಕಡೆ ತಿರುಗಿದರು. "ತಾಯಿ, ಈ ಮನೆಯಲ್ಲಿ ನಿಮಗೇನು ತೊಂದರೆ?"

ಸುಣ್ಣ ಬೇಡ ಎಂದಿದ್ದೆ, ಸಗಣಿ ಬೇಡ ಎಂದಿದ್ದೆ. ಬಾಯಿಯ ಬಗ್ಗೆ ಏನೂ ಹೇಳಿರಲಿಲ್ಲ.

"ತೊಂದರಿ? ದೇವರ ದಯಾದಿಂದ ಎಲ್ಲಾ ಆನಂದ ಐತಿ, ಸಾಹೇಬ್ರ!"

"ಈ ಗೋಡೆ?"

"ನಾ ಮದಿವ್ಯಾಗಿ ಬಂದಾಗಿಂದ ನಿಂತೈತಿ. ಒಂದ ದಿನಾ ನನಗ ಎದುರಾಡಿಲ್ಲ."

ನಾನು ಸಾಹೇಬರ ಬೆನ್ನ ಹಿಂದೆ ನಿಂತು ಕೈ ಆಡಿಸಿದೆ, ಬಾಯಿ ತೋರಿಸಿದೆ, ಗೋಡೆ ತೋರಿಸಿದೆ. ಅವಳು ಓಡಿಹೋಗಿ ನನಗೊಂದು ಲೋಟ ನೀರು ತಂದುಕೊಟ್ಟಳು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಎಲ್ಲ ಮುಗಿಯಿತು ಎನಿಸಿತು.

"ಬರಿಯೋದು ಆಮ್ಯಾಲ" ಎಂದಳು ಆಯಿ. "ಉಣ್ಣದ ಹೋಗಂಗಿಲ್ಲ."

ಅವಳ ಹಟ ಸಾಹೇಬರಿಗೂ ಗೊತ್ತಿತ್ತು. ಚಾಪೆ ಎಳೆದುಕೊಂಡು ಆ ಗೋಡೆಯ ಪಕ್ಕ ಕೂತರು.

"ಅಯ್ಯ, ಅಲ್ಲಿ ಬ್ಯಾಡ ಸಾಹೇಬ್ರ!" ಆಯಿ ಚಾಪೆ ಹಿಡಿದು ಎಳೆದಳು.

ನಡುಮನೆಗೆ ಸರಿದರು. "ಅಲ್ಲೂ ಬ್ಯಾಡ. ಗಾಳಿ ಐತಿ, ಹಂಚ ಜಾರತಾವು."

ಒಲೆಯ ಮೂಲೆಗೆ ಹೋದರು. "ಅಲ್ಲಿ ನೆಲಾ ಕುಸೀತೈತಿ."

ಬಾಗಿಲ ಹತ್ತಿರ ಬಂದರು. "ಚೌಕಟ್ಟಿಗೆ ಆತಗೋಬ್ಯಾಡ್ರಿ, ಕೈಯಾಗ ಬರತೈತಿ."

ಸಾಹೇಬರು ಚಾಪೆ ಹಿಡಿದು ನಿಂತೇ ಇದ್ದರು. ಆಯಿ ಸುತ್ತ ನೋಡಿ, ಚಾಪೆ ಕಸಿದುಕೊಂಡು ಹೊರಗೆ ಬೇವಿನ ಮರದಡಿ ಹಾಸಿದಳು. "ಇಲ್ಲಿ ಆರಾಮ ಕೂಡ್ರಿ. ಇಲ್ಲಿ ಏನೂ ಭಯಾ ಇಲ್ಲ."

ಖಿಚಡಿ, ಮಜ್ಜಿಗೆಯ ಕಢಿ ಬಡಿಸಿದಳು. ಸಾಹೇಬರು ಎರಡು ತುತ್ತು ತಿಂದು ಮನೆಯ ಕಡೆಗೆ ನೋಡಿದರು.

"ತಾಯಿ, ನೀವು ಮಲಗುವುದು ಎಲ್ಲಿ?"

"ಒಳಗ. ಆ ಗೋಡಿ ಮಗ್ಗಲದಾಗ."

"ನನ್ನನ್ನು ಕೂರಲೂ ಬಿಡಲಿಲ್ಲ. ನಿಮಗೆ ಹೆದರಿಕೆಯಾಗುವುದಿಲ್ಲವೇ?"

ಆಯಿ ನಕ್ಕುಬಿಟ್ಟಳು. "ಅದು ನನ್ನ ಮ್ಯಾಲ ಬೀಳಂಗಿಲ್ಲ, ಸಾಹೇಬ್ರ. ನನ್ನ ಗುರ್ತ ಐತಿ ಅದಕ್ಕ. ನೀವು ಹೊಸಬ್ರು."

ಸಾಹೇಬರು ತಟ್ಟೆ ಕೆಳಗಿಟ್ಟರು. ಬಲಗೈ ತುಂಬ ಖಿಚಡಿ. ಬೇವಿನ ಎಲೆಯ ಮೇಲೆ ಹನಿ ಬೀಳುವ ಸದ್ದಾಗುತ್ತಿತ್ತು. ಕೈ ತೊಳೆಯುವಷ್ಟು ಹೊತ್ತೂ ಕಾಯಲಿಲ್ಲ ಅವರು. "ಕೊಡ್ರೀ ಪೆನ್ನು" ಎಂದು ನನ್ನದನ್ನೇ ಇಸಿದುಕೊಂಡು ಎಡಗೈಯಲ್ಲಿ ಹಿಡಿದು, ಕಾಗದ ಮೊಣಕಾಲ ಮೇಲಿಟ್ಟುಕೊಂಡು, ಮಂಜೂರು ಎಂದು ಬರೆದು ಸಹಿ ಹಾಕಿದರು. ನನಗೆ ಅಳು ಬಂದುಬಿಟ್ಟಿತ್ತು.

ಆಯಿ ಬಗ್ಗಿ ಆ ಬರಹವನ್ನು ನೋಡಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು, "ಇಷ್ಟ ದೊಡ್ಡ ಸಾಹೇಬ್ರು, ಬರವಣಗಿ ನೋಡಿದ್ರ ನನ್ನ ಗೋಡಿಗಿಂತ ಸೊಟ್ಟ ಐತಲ್ಲೋ, ಭಾಯ್!"